ವಾರಿಜಾ ಮೇಡಂ ಅವರ ಹದಿನೆಂಟನೆಯ ಪ್ರಕಟಣೆ

ಹದಿನೇಳನೆಯ ಪ್ರಕಟಣೆಯ ವಿವರ ಬರೆದು, ಕುಕ್ಕರಿನ ಮೂರನೆಯ ಕೂಗಿಗೆ ಎದ್ದು ಹೋಗಿ ಒಲೆ ಆರಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅನ್ನಪೂರ್ಣ ಮತ್ತೆ ಊಟದ ಮೇಜಿನ ಮುಂದೆ ಕೂತಳು. ಚಿಕ್ಕಲಸಂದ್ರದ ಆ ಮನೆಯಲ್ಲಿ ಅವತ್ತು ಭಾನುವಾರ ತಿಂಡಿಯನ್ನು ಎಲ್ಲರೂ ತಟ್ಟೆ ಕೈಯಲ್ಲಿ ಹಿಡಿದು ನಿಂತೇ ತಿಂದಿದ್ದರು. ಮೇಜಿನ ತುಂಬ ಸಂಶೋಧನ ಪತ್ರಿಕೆಗಳ ಹಳೆಯ ಪ್ರತಿಗಳು ಹರಡಿದ್ದವು. ಅವಳ ಗುರುಗಳಾದ ಡಾ. ವಾರಿಜಾ ಅವರು ಮೂವತ್ತಮೂರು ವರ್ಷಗಳ ಅಧ್ಯಾಪನದ ನಂತರ, 2008ರ ಈ ಜೂನ್ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರಿಗೆ ಅರ್ಪಿಸುವ ಗ್ರಂಥದ ಕೊನೆಯಲ್ಲಿ ಅವರ ಪ್ರಕಟಣೆಗಳ ಪಟ್ಟಿ ಬರಬೇಕು. ಅವರ ಮೊದಲ ಪಿಎಚ್.ಡಿ. ವಿದ್ಯಾರ್ಥಿನಿ ಎಂಬ ಕಾರಣಕ್ಕೆ ಆ ಪಟ್ಟಿಯ ಹೊಣೆ ಅನ್ನಪೂರ್ಣಳ ಪಾಲಿಗೆ ಬಂದಿತ್ತು. ಒಟ್ಟು ನಲವತ್ತೊಂದು ಪ್ರಕಟಣೆಗಳು. ಸೋಮವಾರ ಹನ್ನೊಂದು ಗಂಟೆಗೆ ಮುದ್ರಣಾಲಯದಲ್ಲಿರಬೇಕು.

ಹದಿನೆಂಟನೆಯದು ಅರ್ಧ ಪುಟದ ಒಂದು ಟಿಪ್ಪಣಿ. ಅದನ್ನು ಕೈಗೆತ್ತಿಕೊಳ್ಳುವಾಗಲೇ ಫೋನ್ ಬಂತು. ಗ್ರಂಥ ಸಮಿತಿಯ ಅಧ್ಯಕ್ಷರು, ವಾರಿಜಾ ಅವರು ಕಲಿಸುವ ಜಯನಗರದ ಕಾಲೇಜಿನ ನಿವೃತ್ತ ಪ್ರಾಂಶುಪಾಲರು, ವೆಂಕಟಸ್ವಾಮಿಯವರು.

"ಎಲ್ಲಿಗೆ ಬಂತಮ್ಮ ಪಟ್ಟಿ?"

"ಹದಿನೆಂಟಕ್ಕ ಬಂದೀನ್ರಿ ಸರ್."

"ಆ ಹದಿನೆಂಟರ ವಿಷಯಕ್ಕೇ ಫೋನ್ ಮಾಡ್ದೆ ನೋಡು. ಅದನ್ನ ಬಿಟ್ಬಿಡು. ಹತ್ತೊಂಬತ್ತನ್ನೇ ಹದಿನೆಂಟು ಮಾಡಿದ್ರೆ ಮುಗೀತು, ಯಾರ್ ಕೂತ್ಕೊಂಡು ಎಣಿಸ್ತಾರೆ?"

"ಅದೂ ಪ್ರಕಟ ಆಗಿದ್ದ ಐತಲ್ರಿ."

"ಆಗಿದೆ ಕಣಮ್ಮ, ಯಾರು ಇಲ್ಲ ಅಂದ್ರು? ಮದುವೆ ಆಲ್ಬಮ್ಮಲ್ಲಿ ಬೀಗರ ಜಗಳದ ಫೋಟೋ ಅಂಟಿಸ್ತಾರಾ? ಶಾಲು ಹೊದಿಸೋ ದಿನ ಆಯಮ್ಮನ ತಪ್ಪೊಪ್ಪಿಗೆ ಅಚ್ಚು ಹಾಕ್ಬೇಕಾ? ಪಾಪ, ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ ಎಡವಿದ್ರು. ಒಳ್ಳೇದಕ್ಕೆ ಹೇಳ್ತಿದೀನಿ."

"ನೋಡ್ತೀನ್ರಿ ಸರ್" ಎಂದು ಅನ್ನಪೂರ್ಣ ಫೋನ್ ಇಟ್ಟಳು. ವೆಂಕಟಸ್ವಾಮಿಯವರು ಕೆಡುಕು ಬಯಸುವವರಲ್ಲ. ವಾರಿಜಾ ಅವರ ಮೇಲಿನ ಗೌರವದಿಂದಲೇ ಆ ಮಾತು ಆಡಿದ್ದರು. ಆದರೆ ಎಡವಿದ್ದು ಮೇಡಂ ಅಲ್ಲ. ಎಡವಿದವಳು ಯಾರೆಂದು ಏಳು ವರ್ಷಗಳಿಂದ ಅನ್ನಪೂರ್ಣಳಿಗೆ ಗೊತ್ತಿತ್ತು. ಅರ್ಧ ಪುಟವನ್ನು ಪಟ್ಟಿಯಿಂದ ಕೈಬಿಟ್ಟರೆ ಮೇಡಂ ಅವರ ಹೆಸರಿಗೆ ಅಂಟಿದ ಕಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕಲೆ ಅವರದೇ ಆಗಿ ಉಳಿಯುತ್ತದೆ. ಅವಳು ಆ ಹಾಳೆಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಪೆನ್ನು ಮುಟ್ಟಲಿಲ್ಲ.

ದ್ರಾವಕವಿಲ್ಲದೆ, ಮೈಕ್ರೋವೇವ್ ಒಲೆಯಲ್ಲಿ ಔಷಧಗುಣದ ಅಣುಗಳನ್ನು ತಯಾರಿಸುವ ವಿಧಾನವನ್ನು ಈ ಭಾಗದ ಕಾಲೇಜುಗಳಲ್ಲಿ ಬಹಳ ಮೊದಲೇ ಕೈಗೆತ್ತಿಕೊಂಡವರಲ್ಲಿ ಡಾ. ವಾರಿಜಾ ಅವರು ಒಬ್ಬರು. ಅವರು ಕೆಲಸ ಮಾಡಿದ್ದು ಇಂಗಾಲದ ಉಂಗುರದೊಳಗೆ ಒಂದೆರಡು ಸಾರಜನಕದ ಅಥವಾ ಗಂಧಕದ ಪರಮಾಣು ಸೇರಿಕೊಂಡಿರುವ ಸಂಯುಕ್ತಗಳ ಮೇಲೆ. ನಾವು ನುಂಗುವ ಮಾತ್ರೆಗಳಲ್ಲಿ ಬಹುಪಾಲು ಇಂಥ ಉಂಗುರದ ಅಣುಗಳೇ. ಅವುಗಳನ್ನು ತಯಾರಿಸುವ ಹಳೆಯ ಕ್ರಮದಲ್ಲಿ ಬೆಂಜೀನಿನಂಥ ದ್ರಾವಕದಲ್ಲಿ ಪದಾರ್ಥಗಳನ್ನು ಎಂಟು ಹತ್ತು ಗಂಟೆ ಕುದಿಸಬೇಕು. ಆವಿಯನ್ನು ತಣಿಸಿ ಮರಳಿ ಇಳಿಸಲು ಅಷ್ಟು ಹೊತ್ತೂ ನಲ್ಲಿಯ ನೀರು ಹರಿಯುತ್ತಿರಬೇಕು. ಜಯನಗರದಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ ಅದು. ಮೂರನೆಯ ಮಹಡಿಯ ಪ್ರಯೋಗಾಲಯಕ್ಕೆ ನೀರು ಏರುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು, ಕರೆಂಟು ಬರುವ ಹೊತ್ತಿಗೆ ತೊಟ್ಟಿ ಬರಿದಾಗುತ್ತಿತ್ತು. ಇವುಗಳ ಜೊತೆಗೆ ದ್ರಾವಕದ ಘಾಟಿಗೆ ಹುಡುಗಿಯರಿಗೆ ಸಂಜೆಯ ತಲೆನೋವು. ಹಸಿರು ರಸಾಯನಶಾಸ್ತ್ರ ಎಂಬ ಹೆಸರು ವಿಚಾರ ಸಂಕಿರಣಗಳಲ್ಲಿ ಕೇಳಿಬರುವುದಕ್ಕೆ ಮೊದಲೇ, ನೀರಿಲ್ಲದ ನಲ್ಲಿಯ ಮುಂದೆ ನಿಂತು ವಾರಿಜಾ ಅವರು ಆ ದಾರಿ ಹುಡುಕಿಕೊಂಡರು.

ಒಲೆ ಅವರ ಮನೆಯದೇ. ಮಸ್ಕತ್ತಿನಲ್ಲಿದ್ದ ತಮ್ಮ ತಂದುಕೊಟ್ಟದ್ದು. ಯಡಿಯೂರಿನ ಮನೆಯ ಅಡಿಗೆಮನೆಯಲ್ಲಿ ಕಸೂತಿ ಹಾಕಿದ ಗವಸು ಹೊದ್ದು ಎರಡು ವರ್ಷ ಸುಮ್ಮನೆ ಕೂತಿತ್ತು. "ಬೆಂಕಿ ಕಾಣದ ಒಲೆಯಲ್ಲಿ ಬೆಂದದ್ದು ನನ್ನ ಗಂಟಲಲ್ಲಿ ಇಳಿಯಲ್ಲ" ಎಂದು ಅವರ ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ. 1995ರಲ್ಲಿ ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮೇಡಂ ಕಾಲೇಜಿಗೆ ತಂದರು. ಅಟೆಂಡರ್ ಹನುಮಯ್ಯನವರು ಮೆಟ್ಟಿಲ ಬಳಿ ಕೈಕೊಟ್ಟು ಇಳಿಸಿಕೊಂಡು, "ಏನ್ ಮೇಡಂ, ಲ್ಯಾಬಿಗೂ ಟೀವಿ ಬಂತು! ಮ್ಯಾಚ್ ನೋಡ್ಬೋದು ಬಿಡಿ" ಅಂದರು. ಆಟೋದ ಕುಲುಕಾಟಕ್ಕೋ ಏನೋ, ಒಳಗಿನ ಗಾಜಿನ ತಟ್ಟೆ ಅಂದಿನಿಂದ ತಿರುಗಲಿಲ್ಲ. ಬಿಸಿಯಾಗುವುದಂತೂ ಆಗುತ್ತಿತ್ತು, ತಿರುಗದಿದ್ದರೆ ಏನು ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಅನ್ನಪೂರ್ಣ ನವಲಗುಂದದಿಂದ ಬಂದು ಸೇರಿದ್ದು ಮರುವರ್ಷ. ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರು ಹುಡುಗಿಯರೊಂದಿಗೆ ಒಂದು ಬಾಡಿಗೆ ಕೋಣೆ. ಪದವಿಯವರೆಗೂ ಪಾಠವನ್ನು ಕನ್ನಡದಲ್ಲೇ ಅರ್ಥಮಾಡಿಕೊಂಡು ಬಂದ ಅವಳಿಗೆ ಇಲ್ಲಿಯ ಇಂಗ್ಲಿಷೂ ಇಲ್ಲಿಯ ಕನ್ನಡವೂ ಒಂದೇ ಸಮ ವೇಗವಾಗಿ ಕೇಳುತ್ತಿದ್ದವು. ಮೊದಲ ವಿಭಾಗೀಯ ಉಪನ್ಯಾಸದಲ್ಲಿ ನಡುವೆ ಮಾತು ನಿಂತುಹೋಗಿ ಅವಳು ಬೋರ್ಡಿನ ಕಡೆಗೇ ಮುಖಮಾಡಿ ನಿಂತಾಗ, ಹಿಂದಿನ ಸಾಲಿನಿಂದ ಮೇಡಂ, "ಅಣು ಯಾವ ಭಾಷೆಲಿ ಕೂಡಿಕೊಳ್ಳುತ್ತೋ ಆ ಭಾಷೆಲಿ ಹೇಳಮ್ಮ, ನಾವು ಕೇಳ್ತೀವಿ" ಅಂದಿದ್ದರು. ಉಳಿದ ಇಪ್ಪತ್ತು ನಿಮಿಷ ಅವಳು ಧಾರವಾಡದ ಕಡೆಯ ಕನ್ನಡದಲ್ಲಿ ಮಾತಾಡಿದಳು. ಮರುದಿನದಿಂದ ಸಂಜೆ ನಾಲ್ಕರ ನಂತರ ಕನ್ನಡ ಮಾಧ್ಯಮದ ಬಿ.ಎಸ್ಸಿ. ಮಕ್ಕಳಿಗೆ ಒಂದು ತರಗತಿ ಶುರುವಾಯಿತು. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಆದರೂ ಮೇಡಂ ಅದನ್ನು ಹನ್ನೆರಡು ವರ್ಷ ತಪ್ಪಿಸಲಿಲ್ಲ.

ಕೆಲಸ ನೋಡುವುದಕ್ಕೆ ಅಡಿಗೆಯಂತೆಯೇ ಇತ್ತು. ಎರಡು ಪದಾರ್ಥಗಳನ್ನು ಶುದ್ಧ ಮಾಡಿದ ಜೇಡಿಮಣ್ಣಿನ ಪುಡಿಯೊಂದಿಗೆ ಕಲ್ಲಿನ ಒರಳಲ್ಲಿ ಅರೆದು, ಬೀಕರಿಗೆ ಸುರಿದು, ಒಲೆಯೊಳಗಿಟ್ಟು ಮೂರು ನಾಲ್ಕು ನಿಮಿಷ. ಆಮೇಲೆ ಸ್ವಲ್ಪವೇ ಆಲ್ಕೋಹಾಲಿನಲ್ಲಿ ಕರಗಿಸಿ, ಮಣ್ಣನ್ನು ಸೋಸಿ, ಹರಳುಗಟ್ಟಲು ಬಿಡುವುದು. ಬಂದ ಹರಳನ್ನು ಜೀವಶಾಸ್ತ್ರ ವಿಭಾಗಕ್ಕೆ ಕಳಿಸಿದರೆ ಅವರು ಅದು ಬ್ಯಾಕ್ಟೀರಿಯಾ ಬೆಳೆಯುವುದನ್ನು ಎಷ್ಟು ತಡೆಯುತ್ತದೆಂದು ನೋಡಿ ಹೇಳುವರು. ಹತ್ತು ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ ಇಳಿದಿತ್ತು. ಅದರಲ್ಲೂ ಅನ್ನಪೂರ್ಣ ಇಟ್ಟ ಬೀಕರಿನಲ್ಲಿ ನೂರಕ್ಕೆ ಎಂಬತ್ತೊಂಬತ್ತು ಪಾಲು ಇಳುವರಿ. "ಆಯಮ್ಮನ ಕೈಗುಣ" ಅಂದರು ಹನುಮಯ್ಯ. ವಿಭಾಗದಲ್ಲೆಲ್ಲ ಅದೇ ಮಾತಾಯಿತು.

ಕೈಗುಣ ಎಂದರೇನೆಂದು ಅನ್ನಪೂರ್ಣಳಿಗೆ ಗೊತ್ತಿತ್ತು. ಬಂದ ಹೊಸದರಲ್ಲಿ ಬೀಕರನ್ನು ಎಲ್ಲೆಂದರಲ್ಲಿ ಇಟ್ಟು ನಲವತ್ತು, ಐವತ್ತು ಬಂದು ಕಣ್ಣೀರು ಬರುವಂತಾಗಿತ್ತು. ಒಂದು ದಿನ ಹಿಂದಿನ ಎಡ ಮೂಲೆಗೆ ಸರಿಸಿದಾಗ ಎಂಬತ್ತೇಳು ಬಂತು. ಮರುದಿನವೂ ಅಲ್ಲೇ ಇಟ್ಟಳು, ಮತ್ತೆ ಬಂತು. ನೋಟ್‌ಬುಕ್ಕಿನಲ್ಲಿ ತೂಕ, ನಿಮಿಷ, ಒಲೆಯ ಶಕ್ತಿ ಎಲ್ಲವನ್ನೂ ಬರೆದಳು. 'ಎಡ ಮೂಲೆ' ಎಂದು ಮಾತ್ರ ಬರೆಯಲಿಲ್ಲ. ಮೊದಮೊದಲು ಅದು ವಿಜ್ಞಾನದ ಮಾತೆನ್ನಿಸಲಿಲ್ಲ. ರೊಟ್ಟಿ ಉಬ್ಬಲು ಹಂಚನ್ನು ಹೀಗೆ ತಿರುವಬೇಕು ಎನ್ನುವ ಅವ್ವನ ಮಾತಿನಂತೆ ಅನ್ನಿಸಿತು. ಆಮೇಲೆ ಕೈಗುಣದ ಹೆಸರು ಬಂದಿತ್ತು. ಆ ದೊಡ್ಡ ಊರಿನಲ್ಲಿ ಅವಳದೆಂದು ಇದ್ದದ್ದು ಅದೊಂದೇ ಹೆಸರು. ಅದನ್ನು ಒಂದು ಮೂಲೆಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. 1999ರಲ್ಲಿ ಹದಿನೇಳನೆಯ ಪ್ರಕಟಣೆಯಾಗಿ ಹೊರಬಂದ ಲೇಖನದಲ್ಲಿ ಹನ್ನೆರಡು ಸಂಯುಕ್ತಗಳಿದ್ದವು. ಎಲ್ಲದರ ಇಳುವರಿಯೂ ಎಂಬತ್ತೈದಕ್ಕೆ ಮೇಲೆ.

ಮರುವರ್ಷ ವಿಮಲಾ ಎಂಬ ಹುಡುಗಿ ಬಂದಳು. ಜಯನಗರದಲ್ಲೇ ಹುಟ್ಟಿ ಬೆಳೆದವಳು, ಬಾಯಿ ಚುರುಕು. ಅನ್ನಪೂರ್ಣಳ ವಿಧಾನವನ್ನೇ ಹಿಡಿದು ಮುಂದಿನ ಅಣುಗಳನ್ನು ಮಾಡುವುದು ಅವಳ ಕೆಲಸ. ಒಂದು ತಿಂಗಳಾದರೂ ಐವತ್ತೆರಡು ದಾಟಲಿಲ್ಲ.

"ಅಕ್ಕ, ನಿಮ್ ಕೈಗುಣ ನಂಗೂ ಸ್ವಲ್ಪ ಹಚ್ಚಿ ಪ್ಲೀಸ್. ಇಲ್ಲಾಂದ್ರೆ ನಾನು ಮೇಡಂಗೆ ಹೇಳ್ಬಿಟ್ಟು ಜ್ಯೋತಿಷ್ಯದ ಕೋರ್ಸ್‌ಗೆ ಸೇರ್ಕೊಳ್ತೀನಿ."

ಅನ್ನಪೂರ್ಣ ನಕ್ಕು, ಇನ್ನಷ್ಟು ನುಣ್ಣಗೆ ಅರೆ ಎಂದಳು. ಆಗ ಅವಳ ಪ್ರಬಂಧ ಟೈಪಾಗಿ ಸಿದ್ಧವಿತ್ತು. ಮಾರ್ಚಿನಲ್ಲಿ ಸಲ್ಲಿಸಿದರೆ ಜೂನಿನಲ್ಲಿ ಬನಶಂಕರಿಯ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಕೊಡುವುದಾಗಿ ಅಲ್ಲಿಯವರು ಹೇಳಿದ್ದರು.

2001ರ ಜನವರಿಯ ಒಂದು ಬೆಳಿಗ್ಗೆ ಮೇಡಂ ಬ್ಯಾಗಿನಿಂದ ಉದ್ದಿನ ಹಪ್ಪಳದ ಒಂದು ಕಟ್ಟು ತೆಗೆದರು. ಮನೆಯಲ್ಲಿ ಹೊಸ ಒಲೆ ಬಂದಿತ್ತಂತೆ. ಹಿಂದಿನ ದಿನ ಅದರಲ್ಲಿ ಸುಟ್ಟ ಹಪ್ಪಳ ಸುತ್ತಲೂ ಒಂದೇ ಸಮ ಬಂದದ್ದು ನೋಡಿ ಅವರಿಗೆ ಏನೋ ಹೊಳೆದಿತ್ತು. ಲ್ಯಾಬಿನ ಹಳೆಯ ಒಲೆಯ ತಟ್ಟೆಯ ಮೇಲೆ ಅಗಲವಾದ ಒಂದು ಹಪ್ಪಳವಿಟ್ಟು ಗುಂಡಿ ಒತ್ತಿದರು. ಒಂದು ನಿಮಿಷದ ಮೇಲೆ ತೆಗೆದರೆ, ಹಪ್ಪಳದ ಮುಕ್ಕಾಲು ಭಾಗ ಹಸಿಹಸಿ. ಹಿಂದಿನ ಎಡ ಮೂಲೆಯಲ್ಲಿ ಮಾತ್ರ ಬೆಳ್ಳಗೆ ಉಬ್ಬಿ, ನಡುವೆ ಒಂದು ರೂಪಾಯಿ ಅಗಲ ಕಪ್ಪಾಗಿ ಸುಟ್ಟಿತ್ತು. ಇನ್ನೊಂದು ಇಟ್ಟರು, ಮತ್ತೊಂದು ಇಟ್ಟರು. ಐದು ಹಪ್ಪಳಗಳೂ ಒಂದೇ ಜಾಗದಲ್ಲಿ ಸುಟ್ಟವು. ಈ ಒಲೆಯಲ್ಲಿ ಅಲೆಗಳು ಒಂದೆಡೆ ಹೆಚ್ಚು ಸೇರುತ್ತವೆ, ಇನ್ನೊಂದೆಡೆ ಸೇರುವುದೇ ಇಲ್ಲ. ಅದನ್ನು ಸರಿದೂಗಿಸಲೆಂದೇ ತಟ್ಟೆ ತಿರುಗಬೇಕು. ಇದರ ತಟ್ಟೆಯೋ ಆರು ವರ್ಷದಿಂದ ತಿರುಗಿಯೇ ಇಲ್ಲ.

ಹನುಮಯ್ಯ ಒಂದು ತುಂಡಿಗೆ ಕೈಚಾಚಿದರು. "ಮುಟ್ಬೇಡಿ ಹನುಮಯ್ಯ! ಆರು ವರ್ಷ ಇದ್ರೊಳಗೆ ಏನೇನು ಬೆಂದಿದೆ ಅಂತ ನಿಮಗೇ ಗೊತ್ತು" ಎಂದು ಮೇಡಂ ಗದರಿದರು. "ಆಸೆ ತೋರ್ಸಿ ಕಸದ ಬುಟ್ಟಿಗೆ ಹಾಕೋದು ಇದ್ಯಲ್ಲ, ಪಾಪ ಬರುತ್ತೆ ಮೇಡಂ" ಎಂದು ಗೊಣಗುತ್ತ ಅವರು ಹೊರಗೆ ಹೋದರು. ವಿಮಲಾ ಕೂಡ ನಗುತ್ತ ನೀರು ತರಲು ಇಳಿದಳು. ಆಗ ಮೇಡಂ ಅನ್ನಪೂರ್ಣಳ ಕಡೆ ತಿರುಗಿದರು.

"ಬೀಕರ್ ಎಲ್ಲಿಡ್ತಿದ್ದೆ ನೀನು?"

"ಎಲ್ಲೆರ ಇಡ್ತಿದ್ದೆರೀ ಮೇಡಂ. ಇಂಥಲ್ಲೇ ಅಂತ ಏನಿಲ್ರಿ."

ಮಾತು ಬಾಯಿಂದ ಹೊರಟಾಗಲೇ ಅವಳಿಗೆ ತನ್ನ ದನಿ ಬೇರೆಯವರದೆನ್ನಿಸಿತು. ಗೊತ್ತಿಲ್ಲದೆ ಬಿಟ್ಟುಹೋಗಿದ್ದರೆ ಅದು ಕಲಿಯುವವಳ ಅಜ್ಞಾನ. ಗೊತ್ತಿದ್ದೂ ಬರೆಯದೇ ಇದ್ದದ್ದು ಮುಚ್ಚುಮರೆ. ಅದು ಪ್ರಬಂಧದ ಜೊತೆ ಅವಳನ್ನೂ ಮುಳುಗಿಸಬಹುದಿತ್ತು. ಮೇಡಂ ಒಲೆಯಿಂದ ಗಾಜಿನ ತಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನಾಲ್ಕು ವರ್ಷ ಒಂದೇ ಜಾಗದಲ್ಲಿ ಕೂತ ಬೀಕರಿನ ಬುಡ ಅಲ್ಲಿ ಬಳೆಯಷ್ಟು ಅಗಲದ ಕಂದು ಗುರುತು ಬಿಟ್ಟಿತ್ತು. ಅದನ್ನು ಅವರು ನೋಡಿದರು. ಅವರು ನೋಡಿದ್ದನ್ನು ಅನ್ನಪೂರ್ಣ ನೋಡಿದಳು. ಮೇಡಂ ತಟ್ಟೆಯನ್ನು ಸಿಂಕಿಗೆ ಒಯ್ದು, ಪುಡಿ ಹಾಕಿ, ಗುರುತು ಹೋಗುವವರೆಗೆ ತಾವೇ ಉಜ್ಜಿದರು.

ಮರುವಾರ ಪತ್ರಿಕೆಯ ಸಂಪಾದಕರಿಗೆ ಬರೆದ ಪತ್ರವನ್ನು ಇಬ್ಬರು ವಿದ್ಯಾರ್ಥಿನಿಯರ ಮುಂದೆ ಓದಿದರು. ಹದಿನೇಳನೆಯ ಲೇಖನದ ಇಳುವರಿಗಳು ತಿರುಗದ ತಟ್ಟೆಯ ಒಲೆಯೊಂದರ ಒಂದು ಜಾಗಕ್ಕೆ ಮಾತ್ರ ಸಲ್ಲುತ್ತವೆ. ಬೀಕರಿನ ಸ್ಥಾನವನ್ನು ದಾಖಲಿಸುವಂತೆ ಸೂಚಿಸದೇ ಇದ್ದುದು ಮಾರ್ಗದರ್ಶಕಿಯ ಲೋಪ. ಪ್ರಯೋಗಗಳನ್ನು ಮತ್ತೆ ನಡೆಸಲಾಗುತ್ತಿದೆ. ಮುಂದೆ ಹದಿನೆಂಟನೆಯ ಪ್ರಕಟಣೆಯಾಗಿ ಅಚ್ಚಾದ ಅರ್ಧ ಪುಟದ ಟಿಪ್ಪಣಿ ಈ ಪತ್ರವೇ.

ವಿಮಲಾ ಕೇಳಿಯೇಬಿಟ್ಟಳು: "ನಿಮ್ಮ ಲೋಪ ಹೆಂಗಾಗುತ್ತೆ ಮೇಡಂ? ಬೀಕರ್ ಇಟ್ಟಿದ್ದು ನೀವಲ್ವಲ್ಲ."

"ಎಲ್ಲಿಡ್ತೀಯ ಅಂತ ಮೊದಲನೇ ದಿನವೇ ಕೇಳೋದು ನನ್ನ ಕೆಲಸ. ಕೇಳ್ಲಿಲ್ಲ. ಅಷ್ಟೇ."

ಅನ್ನಪೂರ್ಣ ಪಕ್ಕದಲ್ಲೇ ನಿಂತಿದ್ದಳು. ಬಾಯಿ ತೆರೆಯಲು ಅದಕ್ಕಿಂತ ಸರಿಯಾದ ಗಳಿಗೆ ಇರಲಿಲ್ಲ. ಅವಳು ತೆರೆಯಲಿಲ್ಲ.

ಪ್ರಬಂಧ ಏಳು ತಿಂಗಳು ತಡವಾಯಿತು. ಬನಶಂಕರಿಯ ಕೆಲಸ ಆ ವರ್ಷ ಬೇರೊಬ್ಬರ ಪಾಲಾಯಿತು. ಹನ್ನೆರಡು ಸಂಯುಕ್ತಗಳನ್ನೂ ಹೊಸ ಒಲೆಯಲ್ಲಿ, ತಿರುಗುವ ತಟ್ಟೆಯ ಮೇಲೆ, ಪ್ರತಿಯೊಂದನ್ನೂ ಮೂರು ಮೂರು ಸಲ ಮಾಡಬೇಕಾಯಿತು. ಮೇಡಂ ಬೆಳಿಗ್ಗೆ ಏಳಕ್ಕೇ ಬಂದು ಒರಳ ಮುಂದೆ ಕೂತು ಅವಳ ಜೊತೆ ಅರೆದರು. ಮಧ್ಯಾಹ್ನ ತಮ್ಮ ಡಬ್ಬಿಯ ಅರ್ಧ ಅನ್ನವನ್ನು ಹೇಳದೆ ಕೇಳದೆ ಅವಳ ಡಬ್ಬಿಯ ಮುಚ್ಚಳಕ್ಕೆ ಹಾಕಿದರು. ಇಳುವರಿ ಈ ಸಲ ಅರವತ್ತರಿಂದ ಎಪ್ಪತ್ತು ಬಂತು. ಸಾಧಾರಣ ಅಂಕಿಗಳು, ಆದರೆ ಯಾರು ಮಾಡಿದರೂ ಅಷ್ಟು ಬರುತ್ತಿತ್ತು, ವಿಮಲಾ ಮಾಡಿದರೂ. ಆ ಏಳು ತಿಂಗಳಲ್ಲಿ ಒಮ್ಮೆಯೂ ಮೇಡಂ ಆ ಪ್ರಶ್ನೆಯನ್ನು ಎರಡನೆಯ ಸಲ ಕೇಳಲಿಲ್ಲ. ಗದರಿದ್ದರೆ ಅನ್ನಪೂರ್ಣ ಅತ್ತು ಹೇಳಿಬಿಡುತ್ತಿದ್ದಳೇನೋ. ಅವರ ಮೌನದ ಮುಂದೆ ಅವಳಿಗೆ ಮಾತಿಗೆ ತೊಡಗುವ ದಾರಿಯೇ ಸಿಗಲಿಲ್ಲ.

2002ರಲ್ಲಿ ಮೇಡಂ ವಿಶ್ವವಿದ್ಯಾಲಯದ ರೀಡರ್ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದರು. ಅಲ್ಲಿ ಯಾರೋ ಒಬ್ಬರು, "ಓಹೋ, ಹಪ್ಪಳ ಸುಟ್ಟ ಮೇಡಂ ನೀವೇನಾ?" ಎಂದು ಕೇಳಿದರಂತೆ. "ಹೌದು, ಐದು ಸುಟ್ಟೆ. ಆಮೇಲೇ ನನಗೆ ಒಲೆ ಅರ್ಥ ಆಗಿದ್ದು" ಎಂದು ಇವರು ಉತ್ತರ ಕೊಟ್ಟರಂತೆ. ಹುದ್ದೆ ಬರಲಿಲ್ಲ. ವಾಪಸು ಬಂದು ಇದನ್ನು ತಮಾಷೆಯ ಕಥೆಯಾಗಿ ವಿಭಾಗದಲ್ಲೆಲ್ಲ ಹೇಳಿದರು, ಎಲ್ಲರೂ ನಕ್ಕರು. ಅನ್ನಪೂರ್ಣಳೂ ನಕ್ಕಳು, ನಗದಿದ್ದರೆ ಯಾಕೆಂದು ಕೇಳುತ್ತಾರೆಂಬ ಹೆದರಿಕೆಗೆ.

ಅಲ್ಲಿಂದ ಮುಂದೆ ಡಾ. ವಾರಿಜಾ ಅವರ ಸೇವೆಯ ಕೊನೆಯ ಆರು ವರ್ಷಗಳು ಅವರ ಅತ್ಯುತ್ತಮ ವರ್ಷಗಳೆಂದೇ ಹೇಳಬೇಕು. ಇಪ್ಪತ್ತಮೂರು ಪ್ರಕಟಣೆಗಳು ಬಂದದ್ದು ಹದಿನೆಂಟರ ನಂತರ. ಪ್ರತಿಯೊಂದರಲ್ಲೂ ಒಲೆಯ ಒಳಗಿನ ನಕ್ಷೆ, ಬೀಕರಿನ ಸ್ಥಾನ, ಇಳಿಸಿದ ತಕ್ಷಣದ ಉಷ್ಣತೆ, ಸೋತ ಪ್ರಯೋಗಗಳ ಸಂಖ್ಯೆ ಇವೆ. ಅವರ ಬಳಿ ಪಿಎಚ್.ಡಿ. ಮಾಡಿದ ಆರು ಮಂದಿಯಲ್ಲಿ ಐವರು ಹೆಣ್ಣುಮಕ್ಕಳು, ನಾಲ್ವರು ಕನ್ನಡ ಮಾಧ್ಯಮದವರು. ಅವರಲ್ಲಿ ಒಬ್ಬಳು ಇಂದು ಬನಶಂಕರಿಯ ಬೇರೊಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆ. ಸಂಶೋಧನ ಮಾರ್ಗದರ್ಶಿಯಾಗಿ ಮಾನ್ಯತೆ ಕೋರಿ ಈಚೆಗೆ ತಾನೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಾಳೆ. ಅವಳೇ ಈ ಭಾನುವಾರ ಊಟದ ಮೇಜಿನ ಮುಂದೆ ಕೂತಿದ್ದ ಅನ್ನಪೂರ್ಣ. ಮಾನ್ಯತೆ ಕೊಡುವ ಸಮಿತಿಯಲ್ಲಿರುವವರಲ್ಲಿ ಕೆಲವರಿಗಾದರೂ ಈ ಗ್ರಂಥದ ಪ್ರತಿ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ವಾರಿಜಾ ಅವರಿಗೆ ಅರವತ್ತು ತುಂಬಿದೆ. ವಿಭಾಗದ ಬೀಗದ ಕೈಯನ್ನು ಮರಳಿಸಿದ ಮಾತ್ರಕ್ಕೆ ಅವರು ಸುಮ್ಮನೆ ಕೂರುವವರಲ್ಲ. ತಲಘಟ್ಟಪುರದ ಕಡೆಯ ಒಂದು ಪ್ರೌಢಶಾಲೆಯವರು ವಾರಕ್ಕೆರಡು ದಿನ ಬನ್ನಿ ಎಂದು ಈಗಾಗಲೇ ಕೇಳಿಕೊಂಡು ಹೋಗಿದ್ದಾರೆ. ಅವರ ಕೈಗಳಲ್ಲಿ ಕಸುವು, ಕಣ್ಣುಗಳಲ್ಲಿ ಆ ಹರಿತ ಇನ್ನೂ ಬಹುಕಾಲ ಉಳಿಯಲಿ; ಅವರಿಂದ ಕಲಿಯಬೇಕಾದ ಮಕ್ಕಳು ಅವರ ಮನೆಯ ಮೆಟ್ಟಿಲನ್ನು ನೂರರ ಹುಟ್ಟುಹಬ್ಬದವರೆಗೂ ಸವೆಸುತ್ತಿರಲಿ; ಅವರು ಬರೆಯದೆ ಉಳಿಸಿಕೊಂಡಿರುವ ಪುಸ್ತಕವೊಂದು ಈ ಬಿಡುವಿನಲ್ಲಿ ಹೊರಬರಲಿ. ಶಿಷ್ಯರೆಲ್ಲರ ಹಾರೈಕೆ ಇದು.

ಊಟದ ಹೊತ್ತಾಗುತ್ತಿತ್ತು. ಅನ್ನಪೂರ್ಣ ಹದಿನೆಂಟು ಎಂದು ಬರೆದು, ಟಿಪ್ಪಣಿಯ ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟ, ವರ್ಷ ಎಲ್ಲವನ್ನೂ ಉಳಿದವುಗಳಿಗೆ ಬರೆದಂತೆಯೇ ಬರೆದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಪಟ್ಟಿ ಪೂರ್ತಿಯಾಗುತ್ತಿತ್ತು, ಆದರೆ ನಿಜವಾಗುತ್ತಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ವಾಕ್ಯ ಸೇರಿಸಿದಳು: "ಇಲ್ಲಿ ಹೇಳಿರುವ ಲೋಪ ಮಾರ್ಗದರ್ಶಕಿಯದಲ್ಲ. ಬೀಕರನ್ನು ಇಡುತ್ತಿದ್ದ ಜಾಗ ವಿದ್ಯಾರ್ಥಿನಿಗೆ ಗೊತ್ತಿತ್ತು. ಅವಳು ಬರೆಯಲಿಲ್ಲ, ಕೇಳಿದಾಗ ಹೇಳಲೂ ಇಲ್ಲ." ಅದರ ಮುಂದೆ ತನ್ನ ಪೂರ್ತಿ ಹೆಸರು.

ಸಂಜೆ ವೆಂಕಟಸ್ವಾಮಿಯವರ ಫೋನ್ ಮತ್ತೆ ಬಂತು.

"ಆಯ್ತೇನಮ್ಮ ಪಟ್ಟಿ?"

"ಆತ್ರಿ ಸರ್. ನಾಳೆ ನಾನ ಹೋಗಿ ಪ್ರೆಸ್ಸಿಗೆ ಕೊಟ್ಟು ಬರ್ತೀನ್ರಿ."

"ನೀನ್ಯಾಕೆ ಬಿಸಿಲಲ್ಲಿ ಓಡಾಡ್ತೀಯ, ಯಾರನ್ನಾದ್ರೂ ಕಳಿಸ್ತೀನಿ ಬಿಡು."

"ಇರಲ್ರಿ ಸರ್, ನಾನ ಹೋಗ್ತೀನಿ" ಎಂದಳು.